ದಾಸ್ತಾನು ಮತ್ತು ಜೀರ್ಣೋದ್ಧಾರ: ಹಳೆಯ ಗಣಕಯಂತ್ರಗಳ ವಿಷಯವಾಗಿ

ಬೀದರ ನಗರದ ಗಾಂಧಿಗಂಜವು ಧಾನ್ಯದ ಪೇಟೆ. ಔರಾದ, ಭಾಲ್ಕಿ ಮೊದಲಾದ ತಾಲ್ಲೂಕುಗಳ ತೊಗರಿ, ಹೆಸರು, ಉದ್ದು, ಕಡಲೆ, ಜೋಳಗಳು ಇಲ್ಲಿಯ ಅಡತಿ ಅಂಗಡಿಗಳ ಮುಂದೆ ರಾಶಿಬಿದ್ದು, ತೂಕವಾಗಿ, ಚೀಲ ಸೇರಿ ಪರಸ್ಥಳಗಳಿಗೆ ಹೋಗುವುವು. ಕಾಳನ್ನು ಕೂಡಿಡುವುದು ಎಲ್ಲಿಯ ವರೆಗೆ ವಿವೇಕ, ಎಲ್ಲಿಂದ ಮುಂದೆ ನಷ್ಟ ಎಂಬುದನ್ನು ಈ ಪೇಟೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹಗೇವಿನಲ್ಲಿಟ್ಟ ಜೋಳವು ಬರಗಾಲದಲ್ಲಿ ಊರನ್ನು ಉಳಿಸುವುದುಂಟು. ಬಿತ್ತನೆಗೆಂದು ಇಟ್ಟ ಕಾಳನ್ನು ಹಲವು ಮುಂಗಾರು ಕಳೆದರೂ ಹೊರಗೆ ತೆಗೆಯದವನಿಗೆ ಕಡೆಗೆ ಹುಳು ಕೊರೆದ ಹೊಟ್ಟು ಮಾತ್ರ ದೊರೆಯುವುದೂ ಉಂಟು. ಇಂತಹ ಪೇಟೆಯ ಒಂದು ಅಂಗಡಿಯ ಅಟ್ಟದ ಮೇಲೆ, ಖಾಲಿ ಗೋಣಿಚೀಲಗಳ ಹಿಂದೆ, ಬಟ್ಟೆ ಹೊದಿಸಿ ಇಟ್ಟಿದ್ದ ಒಂದು ಹಳೆಯ ಗಣಕಯಂತ್ರವನ್ನು ನೋಡುವ ಸಂದರ್ಭವು ಈ ಲೇಖಕನಿಗೆ ಒದಗಿತು. ಅದರಿಂದ ಹುಟ್ಟಿದ ಕೆಲವು ವಿಚಾರಗಳನ್ನು ವಿದ್ವಾಂಸರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಸಾಹಿತ್ಯ ಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಯಂತ್ರದ ಪ್ರಸ್ತಾಪವೇತಕ್ಕೆ ಎಂದು ಕೆಲವರು ಕೇಳಬಹುದು. ೧೯೯೦ರ ದಶಕದಿಂದ ಈಚೆಗೆ ಕನ್ನಡದಲ್ಲಿ ಪ್ರಕಟವಾದ ಗ್ರಂಥಗಳಲ್ಲಿ ಬಹುಪಾಲು ಮೊದಲು ಗಣಕಯಂತ್ರದಲ್ಲಿಯೇ ಅಕ್ಷರಜೋಡಣೆಯಾದುವು. ಪ್ರಕಟವಾಗದೆ ಉಳಿದ ಟಿಪ್ಪಣಿಗಳು, ಪದಸಂಗ್ರಹಗಳು, ಶಾಸನಪಾಠಗಳು ಎಷ್ಟೋ ಅದರಲ್ಲಿಯೇ ಉಳಿದುವು. ತಾಳೆಯ ಗರಿ ಹೋಗಿ ಕಾಗದ ಬಂದಂತೆ, ಕಾಗದವೂ ಹಿಂದೆ ಸರಿದು ಕಾಂತಲೇಪವುಳ್ಳ ತಟ್ಟೆಯೇ ಹಸ್ತಪ್ರತಿಯಾಯಿತು. ಹಸ್ತಪ್ರತಿಗೆ ಸಂಪಾದಕನು ತೋರುವ ಕಾಳಜಿಯನ್ನು ಈ ತಟ್ಟೆಗೂ ಅದನ್ನು ಓದುವ ಯಂತ್ರಕ್ಕೂ ತೋರಬೇಕೆಂಬುದು ನ್ಯಾಯವಾದರೂ, ಆಚರಣೆಯಲ್ಲಿ ಅದು ಇನ್ನೂ ಬಂದಂತೆ ಕಾಣುವುದಿಲ್ಲ.

ಗಂಜದ ಆ ಯಂತ್ರವು ಅಂಗಡಿಯವರ ಅಣ್ಣನವರದು. ಅವರು ಪ್ರೌಢಶಾಲೆಯಲ್ಲಿ ಕನ್ನಡದ ಅಧ್ಯಾಪಕರಾಗಿದ್ದರು. ರಜೆಯ ದಿನಗಳಲ್ಲಿ ಔರಾದ, ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ತಿರುಗಿ, ಹೆಣ್ಣುಮಕ್ಕಳು ಹೇಳುತ್ತಿದ್ದ ಬೀಸುವ ಪದಗಳನ್ನು ಬರೆದುಕೊಂಡು, ೧೯೯೪ರಲ್ಲಿ ಕೊಂಡ ಈ ಯಂತ್ರದಲ್ಲಿ ತಾವೇ ಕುಳಿತು ಅಕ್ಷರ ಜೋಡಿಸಿ ಕೂಡಿಸಿದ್ದರು. ಮೂಲದ ನೋಟುಪುಸ್ತಕಗಳು ಒಂದು ಮಳೆಗಾಲದಲ್ಲಿ ಮನೆಯ ಮಾಳಿಗೆ ಸೋರಿ ಹಾಳಾದುವು. ಅಧ್ಯಾಪಕರು ತೀರಿಕೊಂಡ ಮೇಲೆ ತಮ್ಮನವರು ಯಂತ್ರವನ್ನು ಅಂಗಡಿಗೆ ತಂದು ಅಟ್ಟದ ಮೇಲಿಟ್ಟರು. ದೀಪಾವಳಿಯ ಲಕ್ಷ್ಮೀಪೂಜೆಯ ದಿನ ಹೊಸ ಕೀರ್ದಿ ಪುಸ್ತಕಕ್ಕೆ ಕುಂಕುಮ ಹಚ್ಚುವಾಗ ಇದಕ್ಕೂ ಹಚ್ಚುವುದು ಆ ಮನೆಯ ಪದ್ಧತಿಯಾಯಿತು. ಹದಿನಾಲ್ಕು ವರ್ಷ ಅದಕ್ಕೆ ವಿದ್ಯುತ್ತನ್ನು ಕೊಟ್ಟಿರಲಿಲ್ಲ. “ಅಣ್ಣಾವ್ರ ಕೈ ಆಡಿದ್ದರಿ ಇದು, ಕೆಟ್ಟೀತಂತ ಯಾರೂ ಮುಟ್ಟಿಲ್ಲರಿ ಸರ” ಎಂದು ಅವರು ಹೇಳಿದರು. ಈ ಮಾತಿನಲ್ಲಿರುವ ಭಕ್ತಿಯನ್ನು ಹಗುರವಾಗಿ ಕಾಣಲಾಗದು. ಆದರೆ ಮುಟ್ಟದಿದ್ದರೆ ಕೆಡುವುದಿಲ್ಲವೆಂಬ ನಂಬಿಕೆಯನ್ನು ಪರೀಕ್ಷಿಸಬೇಕಾಗಿದೆ.

ಪ್ರಕೃತ ವಿಷಯದಲ್ಲಿ ಮೂರು ಮಾತುಗಳನ್ನು ಬೇರೆಬೇರೆಯಾಗಿ ಹಿಡಿಯುವುದು ಒಳ್ಳೆಯದು. ಏನಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಬಲ್ಲವನು ಕೂಡಿಸಿದುದು ಸಂಗ್ರಹ. ಏನಿದೆಯೆಂದು ಇಟ್ಟವನಿಗೂ ತಿಳಿಯದಂತೆ ಕೂಡಿಟ್ಟುದು, ಗಂಜದ ಮಾತಿನಲ್ಲಿ ಹೇಳುವುದಾದರೆ, ಬರಿಯ ದಾಸ್ತಾನು. ಮೂರನೆಯದು ಜೀರ್ಣೋದ್ಧಾರ. ಈ ಮಾತಿಗೆ ನಮ್ಮ ಶಾಸನಗಳಲ್ಲಿ ಖಚಿತವಾದ ಸ್ಥಾನವಿದೆ. ಕಲ್ಯಾಣದ ಚಾಳುಕ್ಯರ ಕಾಲದ ದಾನಶಾಸನಗಳನ್ನು ಓದಿದವರೆಲ್ಲರೂ ಬಲ್ಲಂತೆ, ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ಅಂಗಭೋಗ, ರಂಗಭೋಗ, ಆಹಾರದಾನಗಳ ಸಂಗಡವೇ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದೂ ನಿರ್ದೇಶಿಸುವುದು ವಾಡಿಕೆಯಾಗಿತ್ತು. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವ ವೆಚ್ಚವು ಪೂಜೆಯ ವೆಚ್ಚದ ಪಕ್ಕದಲ್ಲಿಯೇ ನಿಂತಿದೆ. ನಡೆಯುತ್ತಿರುವ ಪೂಜೆ ನಿಲ್ಲದಿರಲೆಂದು ದುರಸ್ತಿ. ಪೂಜೆಯಿಲ್ಲದ ಗುಡಿಯನ್ನು ಅಂದಗೊಳಿಸುವುದು ಆ ಮಾತಿನ ಅರ್ಥವಲ್ಲ. ಯಂತ್ರದ ವಿಷಯದಲ್ಲಿಯೂ ಜೀರ್ಣೋದ್ಧಾರವೆಂಬುದನ್ನು ಈ ಅರ್ಥದಲ್ಲಿಯೇ ಪ್ರಯೋಗಿಸಿದೆ.

ಇಂತಹ ಯಂತ್ರಗಳು ಅಟ್ಟಕ್ಕೇರಲು ಕಾರಣಗಳು ಸಾಮಾನ್ಯವಾದುವು. ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿಯಂತಹ ಲೆಕ್ಕದ ತಂತ್ರಾಂಶಗಳು ದೇಶದ ಪೇಟೆಗಳಲ್ಲೆಲ್ಲ ಹರಡಿ ಕೀರ್ದಿ ಖಾತೆಗಳ ಕೆಲಸವನ್ನು ವಹಿಸಿಕೊಂಡುವು. ೨೦೧೪ರಿಂದ ಈಚೆಗೆ ಕರ್ನಾಟಕದ ಕೃಷಿ ಮಾರುಕಟ್ಟೆಗಳಲ್ಲಿ ಅಂತರ್ಜಾಲದ ಮೂಲಕ ನಡೆಯುವ ಏಕೀಕೃತ ಹರಾಜು ಪದ್ಧತಿ ಬಂದಿತು. ೨೦೧೭ರ ಜುಲೈ ೧ರಿಂದ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಹೊಸ ಲೆಕ್ಕಕ್ಕೆ ಹೊಸ ಯಂತ್ರ ಬೇಕಾಯಿತು. ಹಳೆಯವುಗಳಲ್ಲಿ ಕೆಲವು ಗುಜರಿಗೆ ಹೋದುವು, ಕೆಲವು ಅಟ್ಟವನ್ನು ಸೇರಿದುವು. ೨೦೨೨ರ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣೆಯ ನಿಯಮಗಳು ಇಂತಹ ವಸ್ತುಗಳನ್ನು ನೋಂದಾಯಿತ ಸಂಸ್ಕಾರಕರಿಗೆ ಒಪ್ಪಿಸಬೇಕೆನ್ನುವುವು. ಅದು ಪರಿಸರಕ್ಕೆ ಹಿತವಾದುದೇ. ಒಪ್ಪಿಸುವ ಮೊದಲು ಒಳಗೆ ಏನಿದೆಯೆಂದು ನೋಡುವ ಕೆಲಸವನ್ನು ಮಾತ್ರ ಯಾವ ನಿಯಮವೂ ಮಾಡಿಕೊಡಲಾರದು.

ಇನ್ನು, ಸುಮ್ಮನೆ ಇಟ್ಟ ಯಂತ್ರವು ಹೇಗೆ ಕೆಡುವುದು ಎಂಬುದನ್ನು ವಿಚಾರಿಸೋಣ. ೧೯೯೦ರ ಆಸುಪಾಸಿನ ಯಂತ್ರಗಳ ಮುಖ್ಯ ಫಲಕದ ಮೇಲೆ ದಿನಾಂಕವನ್ನೂ ಕೆಲವು ಮೂಲಸಂಗತಿಗಳನ್ನೂ ನೆನಪಿಡಲು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯೊಂದನ್ನು ಬೆಸೆದಿರುತ್ತಿದ್ದರು. ಯಂತ್ರವು ದಿನವೂ ನಡೆಯುತ್ತಿದ್ದರೆ ಆ ಬ್ಯಾಟರಿ ತುಂಬಿಕೊಳ್ಳುತ್ತಿತ್ತು. ನಡೆಯದೆ ಬಿದ್ದಾಗ ಅದು ಬರಿದಾಗಿ, ಕಡೆಗೆ ಒಡೆದು, ಒಳಗಿನ ಕ್ಷಾರವು ಹೊರಗೆ ಸೋರುವುದು. ಆ ಕ್ಷಾರವು ಫಲಕದ ಮೇಲಿನ ಕೂದಲೆಳೆಯಂತಹ ತಾಮ್ರದ ರೇಖೆಗಳನ್ನು ಹಸುರು ಕಿಲುಬಾಗಿ ತಿಂದುಹಾಕುವುದು. ಕಾಲವನ್ನು ನೆನಪಿಡಲೆಂದು ಇಟ್ಟ ಅಂಗವೇ ಕಾಲಾಂತರದಲ್ಲಿ ಯಂತ್ರಕ್ಕೆ ಮೃತ್ಯುವಾಗುವುದು ವಿಚಿತ್ರವಾದರೂ ದಿಟ. ಕೆಪಾಸಿಟರುಗಳೆಂಬ ವಿದ್ಯುತ್ ಧಾರಕಗಳಲ್ಲಿ ದ್ರವವುಳ್ಳವು ವರ್ಷಗಳ ಮೇಲೆ ಒಣಗುವುವು ಅಥವಾ ಸೋರುವುವು. ತಟ್ಟೆಯನ್ನು ತಿರುಗಿಸುವ ಭಾಗದ ಜಿಡ್ಡು ಗಟ್ಟಿಯಾಗಿ, ಓದುವ ತಲೆಯು ತಟ್ಟೆಗೇ ಅಂಟಿಕೊಳ್ಳುವುದುಂಟು. ಫ್ಲಾಪಿಗಳ ಲೇಪದ ಮೇಲೆ ತೇವದಿಂದ ಬೂಷ್ಟು ಬೆಳೆಯುವುದು. ಅದನ್ನು ನೋಡದೆ ಯಂತ್ರಕ್ಕೆ ಹಾಕಿದರೆ ಲೇಪವೇ ಕಿತ್ತುಬಂದು ಓದುವ ತಲೆಯೂ ಹಾಳು. ಧಾನ್ಯದ ಪೇಟೆಯಲ್ಲಿ ಇವೆಲ್ಲಕ್ಕೂ ಮೇಲೆ ಇಲಿಗಳ ಉಪದ್ರವ ಬೇರೆ.

ಕೂಡಿಟ್ಟ ವಸ್ತುವು ಸುಮ್ಮನಿರುವುದೆಂದು ಭಾವಿಸುವವರಿಗೆ ಬೀದರಿನಲ್ಲಿಯೇ ದೊಡ್ಡ ದೃಷ್ಟಾಂತವುಂಟು. ೧೪೭೨ರಲ್ಲಿ ಮಹಮೂದ್ ಗವಾನನು ಕಟ್ಟಿಸಿದ ಮದರಸವು ಗ್ರಂಥಭಂಡಾರದಿಂದಲೂ ಪಾಠಪ್ರವಚನಗಳಿಂದಲೂ ಖ್ಯಾತಿಗೊಂಡಿತ್ತು. ಔರಂಗಜೇಬನ ಕಾಲಕ್ಕೆ ಅದರಲ್ಲಿ ಸೈನ್ಯದ ಮದ್ದನ್ನು ಕೂಡಿಟ್ಟರು. ೧೭ನೆಯ ಶತಮಾನದ ಕೊನೆಯಲ್ಲಿ ಆ ಮದ್ದು ಸಿಡಿದು ಕಟ್ಟಡದ ಮುಂಭಾಗದ ಒಂದು ಪಾರ್ಶ್ವವೇ ಹಾರಿಹೋಯಿತು. ಉಳಿದ ಒಂದು ಮಿನಾರನ್ನೂ ಅದರ ಹೆಂಚಿನ ಅಲಂಕಾರವನ್ನೂ ಈಗಲೂ ನೋಡಬಹುದು. ಓದುವ ಸ್ಥಳವು ಉಗ್ರಾಣವಾದುದರ ಫಲ ಅದು.

ಯಂತ್ರವು ಕೆಟ್ಟರೇನು, ತಟ್ಟೆಯಲ್ಲಿರುವುದನ್ನು ಹೊಸ ಯಂತ್ರಕ್ಕೆ ಇಳಿಸಿಕೊಂಡರಾಯಿತಲ್ಲ ಎಂಬ ಆಕ್ಷೇಪವು ಸಹಜ. ಇಂಗ್ಲಿಷಿನ ಮಟ್ಟಿಗೆ ಅದು ಬಹಳಮಟ್ಟಿಗೆ ಸರಿ. ಕನ್ನಡದ ಮಟ್ಟಿಗೆ ಏಕೆ ಸಾಲದು ಎಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ; ಅಧ್ಯಾಪಕರಿಗೆ ಇದರಲ್ಲಿ ಆಸಕ್ತಿಯೂ ಇರತಕ್ಕುದು.

ಅಕ್ಷರವು ಕಿವಿಗೆ ಕೇಳುವುದೊಂದು, ಕಣ್ಣಿಗೆ ಕಾಣುವುದೊಂದು ಎಂಬ ವಿವೇಚನೆ ನಮ್ಮವರಿಗೆ ಹೊಸದಲ್ಲ. ಶ್ರಾವಣ, ಚಾಕ್ಷುಷ ಎಂಬ ಮಾತುಗಳನ್ನು ವ್ಯಾಕರಣ ಓದಿದವರು ಬಲ್ಲರು. ಗಣಕಯಂತ್ರದಲ್ಲಿ ಕನ್ನಡವನ್ನು ಕೂಡಿಡಲು ಎರಡು ದಾರಿಗಳು ಹುಟ್ಟಿದುವು. ಮೊದಲನೆಯದರಲ್ಲಿ ವರ್ಣಕ್ಕೊಂದು ಸಂಖ್ಯೆ. ಕಕಾರಕ್ಕೆ ಒಂದು, ಇಕಾರದ ಚಿಹ್ನೆಗೆ ಒಂದು, ಹಲಂತಕ್ಕೆ ಒಂದು. ಅವು ಕೂಡಿದಾಗ ಆಕೃತಿ ಹೇಗಿರಬೇಕೆಂಬುದನ್ನು ಯಂತ್ರವು ತಾನೇ ನಿರ್ಣಯಿಸುವುದು. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ಆರಂಭವಾಗಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ವ್ಯವಸ್ಥೆ, ೧೯೯೧ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತ, ಅದರ ಹಿಂದಿನ ರೂಪವನ್ನು ಆಧರಿಸಿ ೧೯೯೧ರಲ್ಲಿಯೇ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಎಣಿಕೆಯನ್ನು ಕೊಡಹೊರಟ ಯೂನಿಕೋಡ್, ಇವೆಲ್ಲ ಈ ದಾರಿಯವು. ಎರಡನೆಯದರಲ್ಲಿ ಆಕೃತಿಯ ತುಂಡಿಗೊಂದು ಸಂಖ್ಯೆ. ಹಿಂದೆ ಮುದ್ರಣಾಲಯದ ಖಾನೆಗಳಲ್ಲಿ ತಲೆಕಟ್ಟು ಬೇರೆ, ಒತ್ತು ಬೇರೆ, ಕೊಂಬು ಬೇರೆಯಾಗಿ ಮೊಳೆಗಳಿದ್ದಂತೆಯೇ ಇದು. ಬೇಗ ಕೆಲಸ ಸಾಗಬೇಕಾಗಿದ್ದ ಅಚ್ಚಿನವರು ಈ ಎರಡನೆಯ ದಾರಿಯನ್ನೇ ಹಿಡಿದರು. ರೋಮನ್ ಅಕ್ಷರಗಳಿಗೆಂದು ಇದ್ದ ಸ್ಥಾನಗಳಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿ ಯಂತ್ರವನ್ನು ಮರುಳುಮಾಡಿದರು.

ಇದರ ಫಲವನ್ನು ಒಂದು ಉದಾಹರಣೆಯಿಂದ ತೋರಿಸಬಹುದು. ನುಡಿ, ಬರಹ ಎಂಬ ಪ್ರಸಿದ್ಧ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆದ ಕಡತವನ್ನು ಆ ಲಿಪಿಮುದ್ರೆಯಿಲ್ಲದ ಯಂತ್ರದಲ್ಲಿ ತೆರೆದರೆ, ಮೊದಲು ರೋಮನ್ನಿನ ದೊಡ್ಡ ಪಿ, ಆಮೇಲೆ ಸ್ವರಭಾರವುಳ್ಳ ಎ, ಆಮೇಲೆ ಆಂಗ್ಲರ ಪೌಂಡು ನಾಣ್ಯದ ಗುರುತು, ಮತ್ತೆ ಅದೇ ಎ, ಆಮೇಲೆ ಜರ್ಮನರ ದ್ವಿಸಕಾರ, ಸಣ್ಣ ಕ್ಯೂ, ಕಡೆಗೆ ಮತ್ತೆ ಅದೇ ಎ ಕಾಣುವುವು. ಪಿ ಎಂಬುದು ತಲೆಕಟ್ಟಿಲ್ಲದ ಕಕಾರದ ಒಡಲು, ಸ್ವರಭಾರದ ಎ ಎಂಬುದು ತಲೆಕಟ್ಟು, ಪೌಂಡು ನಕಾರದ ಒಡಲು, ದ್ವಿಸಕಾರವು ನಕಾರದ ಒತ್ತು, ಕ್ಯೂ ಡಕಾರ. ಹೀಗೆ ಏಳು ಚಿಹ್ನೆಗಳಲ್ಲಿ ಕನ್ನಡವು ವೇಷ ಮರೆಸಿಕೊಂಡು ಕುಳಿತಿದೆ. ಈ ವಿನ್ಯಾಸವು ಬಹಳ ಮಂದಿಗೆ ಗೊತ್ತಿರುವುದರಿಂದ ಅದನ್ನು ಯೂನಿಕೋಡಿಗೆ ತಿರುಗಿಸುವ ಸಾಧನಗಳು ಹುಟ್ಟಿವೆ. ಆಗಲೂ ಅರ್ಕಾವತ್ತು ತೊಡಕನ್ನು ಒಡ್ಡುವುದು. ‘ಸೂರ್ಯ’ ಎಂಬಲ್ಲಿ ಕಿವಿಗೆ ಮೊದಲು ಕೇಳುವ ರೇಫವು ಕಣ್ಣಿಗೆ ಯಕಾರದ ಆಚೆ ಕಾಣುವುದಷ್ಟೆ. ಆಕೃತಿಯ ಕಡತದಲ್ಲಿ ಅದು ಯಕಾರದ ಆಚೆಯೇ ಇರುವುದು. ಅದನ್ನು ಹಿಂದಕ್ಕೆ ತಂದು ಕೂರಿಸದಿದ್ದರೆ ಅಕಾರಾದಿಯೂ ಪದಪ್ರಯೋಗಕೋಶವೂ ಕೆಡುವುವು. ಬರಹವನ್ನು ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದರು. ನುಡಿಯನ್ನು ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿತು. ಕೀಲಿಮಣೆಯ ವಿನ್ಯಾಸವು ಕೆ. ಪಿ. ರಾವ್ ಅವರದು. ಈ ಪ್ರಯತ್ನಗಳಿಂದ ಒಂದು ಏಕರೂಪ ಬಂದಿತು. ಅದಕ್ಕೆ ಹಿಂದಿನ ವರ್ಷಗಳಲ್ಲಿ ಲಿಪಿಮುದ್ರೆ ಮಾರುತ್ತಿದ್ದ ಒಬ್ಬೊಬ್ಬರದೂ ಒಂದೊಂದು ವಿನ್ಯಾಸ.

ಹಳಗನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಇನ್ನೊಂದು ಕುತೂಹಲದ ಸಂಗತಿಯನ್ನು ಅರಿಕೆ ಮಾಡಬೇಕು. ಱಕಾರ ೞಕಾರಗಳೆರಡಕ್ಕೂ ಯೂನಿಕೋಡಿನಲ್ಲಿ ಮೊದಲಿನಿಂದಲೂ ಸ್ಥಾನವಿದೆ. ಆದರೆ ೞಕಾರಕ್ಕೆ ಅಲ್ಲಿ ಬಿದ್ದಿರುವ ಹೆಸರು ‘ಫಕಾರ’ವೆಂದು! ಯಾರೋ ಆಕೃತಿಯನ್ನು ತಪ್ಪಾಗಿ ತಿಳಿದರು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬ ಕಟ್ಟಳೆಯಿಂದ ಅದು ಹಾಗೆಯೇ ಉಳಿದಿದೆ. ನಕಾರಪೊಲ್ಲಿಗಂತೂ ಸ್ಥಾನ ದೊರೆತುದು ೨೦೨೧ರಲ್ಲಿ. ಅದಕ್ಕೆ ಮುಂಚೆ ಈ ಅಕ್ಷರಗಳು ಬೇಕಾದವರು ತಮ್ಮ ಲಿಪಿಮುದ್ರೆಯಲ್ಲಿ ಖಾಲಿಯಿದ್ದ ಯಾವುದೋ ಸ್ಥಾನದಲ್ಲಿ ಅದನ್ನು ತಾವೇ ಬರೆದು ಸೇರಿಸುತ್ತಿದ್ದರು. ಅಂತಹ ಕಡತವನ್ನು ಓದಬೇಕಾದರೆ ಬರೆದವನ ಯಂತ್ರದಲ್ಲಿದ್ದ ಆ ಲಿಪಿಮುದ್ರೆಯೇ ಬೇಕು. ಅದೇ ಹೆಸರಿನ ಬೇರೊಂದು ನಡೆಯದು.

ಗಂಜದ ಯಂತ್ರದಲ್ಲಿ ಆದುದೂ ಇದೇ. ಮೊದಲಿಗೆ ಈ ಲೇಖಕನು ಮಾಡಿದ ತಪ್ಪನ್ನು ಹೇಳಿಬಿಡುವುದು ಮೇಲು. ಉತ್ಸಾಹದ ಭರದಲ್ಲಿ, ಮುಚ್ಚಳವನ್ನು ತೆರೆದು ನೋಡದೆ ವಿದ್ಯುತ್ತನ್ನು ಕೊಟ್ಟುಬಿಟ್ಟೆನು. ಅರೆನಿಮಿಷದಲ್ಲಿ ಹಿಂಭಾಗದಿಂದ ಹೊಗೆ ಬಂದಿತು. ವಿದ್ಯುತ್ ಸರಬರಾಜಿನ ಪೆಟ್ಟಿಗೆಯ ಧಾರಕವೊಂದು ಸಿಡಿದಿತ್ತು. ಹದಿನಾಲ್ಕು ವರ್ಷ ಮುಟ್ಟದೆ ಕಾಪಾಡಿದವರ ಮುಖವನ್ನು ಆಗ ನೋಡುವುದು ಕಷ್ಟವಾಯಿತು. ತಟ್ಟೆಗೆ ಅಪಾಯವಾಗದಿದ್ದುದು ಅದೃಷ್ಟ. ಬಳಸಬೇಕೆಂಬ ಹಂಬಲವು ವಿಧಿಯನ್ನು ತಿಳಿಯದಿದ್ದರೆ ದಾಸ್ತಾನಿಗಿಂತ ಹೆಚ್ಚಿನ ಹಾನಿಯನ್ನು ಒಂದು ಕ್ಷಣದಲ್ಲಿ ಮಾಡಬಲ್ಲದು.

ಆ ಮೇಲೆ ಕ್ರಮವಾಗಿ ಕೆಲಸ ನಡೆಯಿತು. ತಟ್ಟೆಯನ್ನು ಹೊರಗೆ ತೆಗೆದು, ಅದರ ಮೇಲೆ ಏನೂ ಬರೆಯಲಾಗದಂತೆ ತಡೆಯುವ ಸಾಧನದ ಮೂಲಕ ಬೇರೊಂದು ಯಂತ್ರಕ್ಕೆ ಜೋಡಿಸಿ, ಮೊದಲಿನಿಂದ ಕಡೆಯ ವರೆಗೆ ಯಥಾಪ್ರತಿಯನ್ನು ಮಾಡಿಕೊಂಡೆವು. ಕೆಲವು ಭಾಗಗಳು ಓದಲು ಬರಲಿಲ್ಲ. ಕಡತಗಳು ಸಿಕ್ಕುವು, ಅಕ್ಷರಗಳು ಸಿಕ್ಕಲಿಲ್ಲ. ಗೊತ್ತಿದ್ದ ಯಾವ ವಿನ್ಯಾಸಕ್ಕೂ ಅವು ಹೊಂದಲಿಲ್ಲ. ಲಿಪಿಮುದ್ರೆಯನ್ನು ನಡೆಸುವ ತಂತ್ರಾಂಶವು, ಆ ಕಾಲದ ಅನೇಕ ಭಾರತೀಯ ಭಾಷಾ ತಂತ್ರಾಂಶಗಳಂತೆ, ಮುದ್ರಕದ ದ್ವಾರಕ್ಕೆ ಸಿಕ್ಕಿಸುವ ಹೆಬ್ಬೆರಳಿನಷ್ಟು ದೊಡ್ಡದಾದ ಒಂದು ಬೀಗದ ತುಣುಕನ್ನು ಬೇಡುತ್ತಿತ್ತು. ಅದು ಇಲ್ಲದಿದ್ದರೆ ತಂತ್ರಾಂಶ ತೆರೆಯದು. ಈಗಿನ ಯಂತ್ರಗಳಲ್ಲಿ ಅದನ್ನು ಸಿಕ್ಕಿಸುವ ದ್ವಾರವೇ ಇಲ್ಲ. ಆ ತುಣುಕು ಹಳೆಯ ಯಂತ್ರದ ಬೆನ್ನಿನಲ್ಲಿ ಹಾಗೆಯೇ ಇದ್ದಿತು. ಗುಜರಿಯವನ ಕೈಗೆ ಹೋಗಿದ್ದರೆ ಮೊದಲು ಎಸೆಯುತ್ತಿದ್ದುದು ಅದನ್ನೇ. ಹೀಗಾಗಿ ಮೂಲಯಂತ್ರವನ್ನೇ ನಡೆಸುವುದು ಅನಿವಾರ್ಯವಾಯಿತು.

ಸೋರಿದ ಬ್ಯಾಟರಿಯನ್ನು ಕತ್ತರಿಸಿ ತೆಗೆದು, ಕ್ಷಾರವನ್ನು ವಿನೆಗರಿನಿಂದ ಶಮನಗೊಳಿಸಿ, ಮದ್ಯಸಾರದಿಂದ ತೊಳೆದು, ತಿಂದುಹೋಗಿದ್ದ ನಾಲ್ಕು ರೇಖೆಗಳ ಜಾಗದಲ್ಲಿ ಸಣ್ಣ ತಂತಿಗಳನ್ನು ಬೆಸೆಯಬೇಕಾಯಿತು. ಸರಬರಾಜಿನ ಪೆಟ್ಟಿಗೆಯ ಧಾರಕಗಳನ್ನೆಲ್ಲ ಬದಲಾಯಿಸಿದುದು ನಗರದಲ್ಲಿ ದೂರದರ್ಶನ ಯಂತ್ರಗಳನ್ನು ರಿಪೇರಿ ಮಾಡುವ ಒಬ್ಬ ಹಿರಿಯರು. ಇಂತಹ ಕೈಗಳು ಇನ್ನೆಷ್ಟು ವರ್ಷ ದೊರೆಯುವುವೋ ಹೇಳಲಾಗದು. ಬ್ಯಾಟರಿ ಸತ್ತಿದ್ದುದರಿಂದ ಯಂತ್ರವು ತನ್ನ ತಟ್ಟೆಯ ಅಳತೆಗಳನ್ನೇ ಮರೆತಿತ್ತು. ತಟ್ಟೆಯ ಮೇಲಿನ ಚೀಟಿಯಲ್ಲಿ ಅಚ್ಚಾಗಿದ್ದ ಸಂಖ್ಯೆಗಳನ್ನು ಕೈಯಿಂದ ತುಂಬಿದ ಮೇಲೆ ಅದು ಎಚ್ಚತ್ತಿತು. ತಂತ್ರಾಂಶ ತೆರೆಯಿತು. ಬೀಸುವ ಪದಗಳು ತೆರೆಯ ಮೇಲೆ ಮೂಡಿದ ಆ ಗಳಿಗೆಯಲ್ಲಿ ಅಂಗಡಿಯ ಗುಮಾಸ್ತರು, ಹಮಾಲರು ಕೂಡ ಬಂದು ನಿಂತಿದ್ದರು.

ಲಿಪಿಮುದ್ರೆಯನ್ನು ಪರೀಕ್ಷಿಸಿದಾಗ ಅಧ್ಯಾಪಕರ ವಿದ್ವತ್ತು ತಿಳಿಯಿತು. ಬೀದರದ ಕಡೆಯ ಆಡುಮಾತಿನಲ್ಲಿ ‘ಮೇಲೆ’ ಎಂಬುದು ‘ಮ್ಯಾಲ’ ಎಂದು ಕೇಳುವುದಷ್ಟೆ. ನಾವು ಬರೆಯುವಾಗ ಯಕಾರದ ಒತ್ತನ್ನು ಹಾಕಿ ತೃಪ್ತರಾಗುವೆವು. ಆದರೆ ಅಲ್ಲಿರುವುದು ಯಕಾರವಲ್ಲ, ಬಾಯಿ ಹೆಚ್ಚು ತೆರೆದು ಉಚ್ಚರಿಸುವ ಒಂದು ಸ್ವರ. ನಿಜವಾದ ಯಕಾರದ ಒತ್ತಿನಿಂದ ಇದನ್ನು ಬೇರ್ಪಡಿಸಲು ಅವರು ಏತ್ವದ ಮೇಲೆ ಒಂದು ಸಣ್ಣ ಬಿಂದುವನ್ನಿಟ್ಟು ಹೊಸ ಚಿಹ್ನೆಯನ್ನು ಕಲ್ಪಿಸಿ, ಮೂರು ಖಾಲಿ ಸ್ಥಾನಗಳಲ್ಲಿ ಕೂರಿಸಿದ್ದರು. ಬೇರೆ ಲಿಪಿಮುದ್ರೆಯಿಂದ ಓದಿದ್ದರೆ ಈ ಭೇದವು ನಷ್ಟವಾಗುತ್ತಿತ್ತು; ನಷ್ಟವಾದುದೂ ತಿಳಿಯುತ್ತಿರಲಿಲ್ಲ. ಅವರ ಲಿಪಿಮುದ್ರೆಯೇ ಅವರ ಪಾಠಕ್ಕೆ ಬರೆದ ಟೀಕೆಯಾಗಿತ್ತೆಂದು ಹೇಳಬಹುದು. ಆ ಟೀಕೆ ಉಳಿದುದು ಯಂತ್ರ ನಡೆದುದರಿಂದ.

ಇಷ್ಟರಿಂದ ಕೂಡಿಟ್ಟವರನ್ನು ನಿಂದಿಸುವುದು ಸಲ್ಲದು. ಅಂಗಡಿಯವರು ಅಟ್ಟದ ಮೇಲೆ ಇಡದಿದ್ದರೆ ಜೀರ್ಣೋದ್ಧಾರಕ್ಕೆ ಜೀರ್ಣವಾದ ವಸ್ತುವೇ ಇರುತ್ತಿರಲಿಲ್ಲ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಳೆಯ ಪ್ರತಿಗಳು ಕನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಇದ್ದುವು. ಜನರು ದೂರದಿಂದ ಬಂದು ದರ್ಶನ ಮಾಡಿ ಹೋಗುತ್ತಿದ್ದರು, ಓದುವವರು ಇರಲಿಲ್ಲ. ೧೯ನೆಯ ಶತಮಾನದ ಕೊನೆಯಿಂದ ಪ್ರತಿ ಮಾಡುವ ಕಾರ್ಯ ನಡೆದು, ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯು ಅಚ್ಚಾಗತೊಡಗಿದ ಮೇಲೆ ಜೈನಸಿದ್ಧಾಂತದ ಅಧ್ಯಯನದ ದಿಕ್ಕೇ ಬದಲಾಯಿತು. ಭಕ್ತಿಯು ಕಾಪಾಡಿತು, ಓದು ಬದುಕಿಸಿತು. ಕಾಪಾಡಿದವರ ಕಾಲದಲ್ಲಿ ಗರಿಗಳು ಕೆಲವು ಶಿಥಿಲವಾದುದೂ ಸುಳ್ಳಲ್ಲ. ತಾಳೆಯ ಗರಿಯು ಶತಮಾನಗಳನ್ನು ತಡೆಯಬಲ್ಲದು. ಕಾಂತಲೇಪದ ತಟ್ಟೆಗೆ ಅಷ್ಟು ಆಯುಸ್ಸಿಲ್ಲ ಎಂಬುದೇ ಇಲ್ಲಿಯ ಭೇದ.

ವಿದೇಶಗಳ ಅನುಭವವೂ ಇದನ್ನೇ ತೋರಿಸುವುದು. ಇಂಗ್ಲೆಂಡಿನಲ್ಲಿ ೧೦೮೬ರ ಡೂಮ್ಸ್‌ಡೇ ಗ್ರಂಥದ ಒಂಬೈನೂರನೆಯ ವರ್ಷದ ನೆನಪಿಗೆ ಬಿಬಿಸಿ ಸಂಸ್ಥೆಯು ೧೯೮೬ರಲ್ಲಿ ದೇಶದ ಜೀವನವನ್ನೆಲ್ಲ ಲೇಸರ್ ತಟ್ಟೆಗಳಲ್ಲಿ ದಾಖಲಿಸಿತು. ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆಗಳನ್ನು ಓದುವ ಯಂತ್ರಗಳು ದುರ್ಲಭವಾಗಿ, ಉದ್ಧಾರಕ್ಕೆ ಬಹಳ ಶ್ರಮಪಡಬೇಕಾಯಿತು. ಚರ್ಮದ ಹಾಳೆಯ ಮೂಲಗ್ರಂಥವನ್ನು ಲಿಪಿ ಬಲ್ಲವರು ಈಗಲೂ ಓದಬಹುದು. ಅದೇ ದೇಶದಲ್ಲಿ ೧೯೫೧ರಲ್ಲಿ ಕೆಲಸಕ್ಕೆ ತೊಡಗಿದ ಹಾರ್ವೆಲ್ ಡೆಕಟ್ರಾನ್ ಎಂಬ ಗಣಕಯಂತ್ರವು ೧೯೭೩ರಲ್ಲಿ ನಿವೃತ್ತಿಹೊಂದಿ, ಕಡೆಗೆ ಬಿಚ್ಚಿದ ತುಂಡುಗಳಾಗಿ ಉಗ್ರಾಣ ಸೇರಿತ್ತು. ಬ್ಲೆಚ್ಲಿ ಪಾರ್ಕಿನ ಗಣಕ ವಸ್ತುಸಂಗ್ರಹಾಲಯದವರು ಅದನ್ನು ಜೋಡಿಸಿ ೨೦೧೨ರಲ್ಲಿ ಮತ್ತೆ ನಡೆಯಿಸಿದರು. ಇಲ್ಲಿ ಉಗ್ರಾಣವೂ ಉಪಕಾರಿಯೇ. ಅಮೆರಿಕದ ಕ್ಯಾಲಿಫೋರ್ನಿಯದ ಗಣಕ ಇತಿಹಾಸ ಸಂಗ್ರಹಾಲಯದಲ್ಲಿ ೧೯೫೯ರ ಐಬಿಎಂ ೧೪೦೧ ಮಾದರಿಯ ಯಂತ್ರಗಳು ಎರಡು ನಡೆಯುವ ಸ್ಥಿತಿಯಲ್ಲಿವೆ. ಅವುಗಳನ್ನು ಸರಿಪಡಿಸಿದವರಲ್ಲಿ ಅನೇಕರು ಯೌವನದಲ್ಲಿ ಅಂತಹವುಗಳ ಮೇಲೆ ಕೆಲಸಮಾಡಿದ್ದ ನಿವೃತ್ತರು. ಯಂತ್ರಕ್ಕಿಂತ ಮೊದಲು ಮರೆಯಾಗುವುದು ಅದನ್ನು ಬಲ್ಲವರು ಎಂಬುದನ್ನು ಅವರು ಅರಿತಿದ್ದಾರೆ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ತಂತ್ರಜ್ಞರೂ ಕೂಡಿ ೨೦೦೧ರಲ್ಲಿ ರೂಪಿಸಿದ, ಕನ್ನಡವನ್ನು ಓದಿ ಹೇಳಬಲ್ಲ ಕೈಯಂತ್ರವಾದ ಸಿಂಪ್ಯೂಟರನ್ನು ಈಗ ಎಷ್ಟು ಮಂದಿ ಅಧ್ಯಾಪಕರು ಕಂಡಿರುವರು?

ಜೀರ್ಣೋದ್ಧಾರದ ವಿರುದ್ಧ ಒಂದು ಬಲವಾದ ಆಕ್ಷೇಪವುಂಟು. ಧಾರಕವನ್ನು ಬದಲಾಯಿಸಿ, ರೇಖೆಯನ್ನು ಬೆಸೆದು, ಬ್ಯಾಟರಿಯನ್ನು ಕಿತ್ತ ಮೇಲೆ ಅದು ಅಧ್ಯಾಪಕರ ಯಂತ್ರವೇ ಹೌದೆ? ನಡೆಸಿದಷ್ಟೂ ಸವೆಯುವುದಿಲ್ಲವೆ? ಗ್ರಂಥಸಂಪಾದಕರಿಗೆ ಈ ಪ್ರಶ್ನೆ ಪರಿಚಿತವಾದುದೇ. ಪ್ರತಿಯಲ್ಲಿ ತ್ರುಟಿತವಾದುದನ್ನು ತುಂಬುವಾಗ ನಾವು ಕಂಸದಲ್ಲಿ ಇಡುತ್ತೇವೆ. ತಿದ್ದಿದರೆ ಮೂಲಪಾಠವನ್ನು ಅಡಿಯಲ್ಲಿ ಕೊಡುತ್ತೇವೆ. ಹೇಳದೆ ತಿದ್ದಿದವನನ್ನು ಕ್ಷಮಿಸುವುದಿಲ್ಲ. ಯಂತ್ರಕ್ಕೂ ಅದೇ ವಿಧಿ ಸಾಕು. ಕಿತ್ತ ಭಾಗಗಳನ್ನೆಲ್ಲ ಒಂದು ಡಬ್ಬಿಯಲ್ಲಿಟ್ಟು, ಎಲ್ಲಿಂದ ಯಾವಾಗ ತೆಗೆದುದೆಂದು ಚೀಟಿ ಬರೆದು, ಬದಲಾವಣೆಗಳ ಪಟ್ಟಿಯೊಂದನ್ನು ಯಂತ್ರದ ಒಳಗೇ ಅಂಟಿಸಿದೆವು. ಕ್ಷಾರವು ತಿಂದ ಗುರುತನ್ನು ಅಳಿಸಲಿಲ್ಲ. ಹಳದಿಗೆ ತಿರುಗಿದ ಹೊರಮೈಯನ್ನು ಹೈಡ್ರೊಜನ್ ಪೆರಾಕ್ಸೈಡಿನಿಂದ ಬಿಳುಪು ಮಾಡುವ ಪದ್ಧತಿ ಹವ್ಯಾಸಿಗಳಲ್ಲಿ ಬಹಳ ಪ್ರಚಾರದಲ್ಲಿದೆ. ಈ ಲೇಖಕನಿಗೆ ಅದು ಒಪ್ಪಿಗೆಯಾಗದು. ಶಾಸನದ ಮೇಲೆ ವರ್ಷವರ್ಷವೂ ಸುಣ್ಣ ಬಳಿದು ಅಕ್ಷರಗಳನ್ನು ಮುಚ್ಚಿದ ಗುಡಿಗಳನ್ನು ಕಂಡವರಿಗೆ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸವೆತದ ಪ್ರಶ್ನೆಗೆ ಯಥಾಪ್ರತಿಯೇ ಉತ್ತರ: ನಿತ್ಯದ ಓದಿಗೆ ಪ್ರತಿ, ಸಂದೇಹ ಬಂದಾಗ ಮೂಲ. ಇದೂ ಹಸ್ತಪ್ರತಿಯ ವಿಧಿಯೇ.

ಯಂತ್ರದ ಸಂಗಡ ಹನ್ನೊಂದು ಫ್ಲಾಪಿಗಳಿದ್ದುವು. ಅವುಗಳಲ್ಲಿ ಏಳು ಪೂರ್ಣವಾಗಿಯೂ ಎರಡು ಭಾಗಶಃ ಓದಲು ಬಂದುವು. ಮೂಲತಟ್ಟೆಯಲ್ಲಿ ಕೆಟ್ಟಿದ್ದ ಕೆಲವು ಪದಗಳು ಈ ಫ್ಲಾಪಿಗಳಿಂದ ತುಂಬಿಕೊಂಡುವು. ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ, ಅಧ್ಯಾಪಕರ ವಿಶೇಷ ಸ್ವರಚಿಹ್ನೆಯನ್ನು ಬೇರೆ ಗುರುತಿನಿಂದ ಉಳಿಸಿಕೊಂಡು, ಒಂದು ಕರಡನ್ನು ಕಾಗದದ ಮೇಲೆ ಅಚ್ಚುಮಾಡಿ ಗಂಜಕ್ಕೆ ಒಯ್ದೆನು. ಅಂಗಡಿಯವರ ತಾಯಿಗೆ ಓದು ಬಾರದು. ಮೊಮ್ಮಗಳು ಓದಿ ಹೇಳುತ್ತಿರಲು ಅವರು ಒಂದೆಡೆ ಕೈಯೆತ್ತಿ ತಡೆದು, “ಅಲ್ಲವ್ವಾ, ಹಂಗಲ್ಲ ಅದು” ಎಂದು ಆ ಸಾಲನ್ನು ತಾವೇ ಹಾಡಿ ತೋರಿಸಿದರು. ಕರಡಿನಲ್ಲಿ ರೇಫವೊಂದು ಹಿಂದುಮುಂದಾಗಿ ಪದದ ಅರ್ಥವೇ ಬೇರೆಯಾಗಿತ್ತು. ಪರಿವರ್ತನೆಯ ಪಟ್ಟಿಯಲ್ಲಿ ಆ ಬಗೆಯ ಇನ್ನೂ ಆರು ಸ್ಥಳಗಳು ಅದರಿಂದ ಪತ್ತೆಯಾದುವು. ಯಂತ್ರವು ಈಗ ಅಂಗಡಿಯ ಕೆಳಗಿನ ಕೋಣೆಯಲ್ಲಿದೆ. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ, ಪೇಟೆಗೆ ಬಿಡುವಿದ್ದಾಗ, ಅದನ್ನು ಅರ್ಧ ಗಂಟೆ ನಡೆಸುವರು. ಬೂಷ್ಟು ಹಿಡಿದ ಎರಡು ಫ್ಲಾಪಿಗಳು ತೇವ ಹೀರುವ ಹರಳುಗಳೊಡನೆ ಡಬ್ಬಿಯಲ್ಲಿವೆ. ಅವುಗಳಲ್ಲಿ ಒಂದರ ಮೇಲೆ ಅಧ್ಯಾಪಕರ ಕೈಬರಹದಲ್ಲಿ ‘ಔರಾದ, ಸೋಬಾನ’ ಎಂದಿದೆ. ಕಾಂತರೇಖೆಗಳನ್ನು ನೇರವಾಗಿ ಓದುವ ಸಾಧನವನ್ನು ತರಿಸಿದ ಮೇಲೆ ಅದನ್ನು ಶುಚಿಮಾಡಿ ಒಮ್ಮೆ ಮಾತ್ರ ತಿರುಗಿಸಿ ನೋಡಬೇಕೆಂದು ನಿಶ್ಚಯಿಸಿದೆ.